ಹತ್ತಕ್ಕೆ ಎರಡು

ನಿಲ್ಕುಂದ ರಸ್ತೆ

ಕೆಲಸದಲ್ಲಿ ಖುಷಿಯಾಗಿರುವುದು ಹೇಗೆಂದು ಕಲಿಯಲು ನನ್ನನ್ನು ಒಂದು ವಾರ ನೆದರ್ಲೆಂಡ್ಸ್ ದೇಶಕ್ಕೆ ಕರೆಸಿಕೊಂಡರು ಎಂದರೆ ಸಿದ್ದಾಪುರದಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ. ನಂಬದವರ ತಪ್ಪೇನೂ ಇಲ್ಲ. ನಾನು ಕೆಲಸ ಮಾಡುವುದು ನಿಲ್ಕುಂದ ರಸ್ತೆಯಲ್ಲಿ, ಮುರುಗಲ, ಅಂದರೆ ಕೋಕಂ ಹಣ್ಣಿನ, ಬೀಜದಿಂದ ತುಪ್ಪ ತೆಗೆಯುವ ಶೆಡ್ಡಿನಲ್ಲಿ. ಬೀಜ ಒಡೆದು, ಅರೆದು, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ಸೌಟಿನಿಂದ ತೆಗೆದು ಆರಿಸಿದರೆ ಬೆಳ್ಳಗಿನ ಗಟ್ಟಿ ತುಪ್ಪ ಸಿಗುತ್ತದೆ. ನಮ್ಮಜ್ಜಿ ಅದನ್ನು ಒಡೆದ ಹಿಮ್ಮಡಿಗೆ ಹಚ್ಚಿಕೊಳ್ಳುತ್ತಿದ್ದಳು. ಈಗ ಅದೇ ತುಪ್ಪ ಹಡಗು ಹತ್ತಿ ಹೋಗಿ ಯುರೋಪಿನವರ ತುಟಿ ಸೇರುತ್ತದೆ. ನಮ್ಮ ಶೆಡ್ಡಿನಲ್ಲಿ ಇಲ್ಲಿಯವರೆಗೆ ಬಡ್ತಿ ಅಂತ ಸಿಕ್ಕಿದ್ದು ತುಪ್ಪಕ್ಕೆ ಮಾತ್ರ.

ಶೆಡ್ಡಿನ ಯಜಮಾನ ಮಾಬ್ಲಣ್ಣ. ಮಹಾಬಲೇಶ್ವರ ಎಂದು ಪೂರ್ತಿ ಕರೆಯುವವರು ಬ್ಯಾಂಕಿನವರೊಬ್ಬರೇ. ಎಲ್ಲರಿಗಿಂತ ಹಿರಿಯಳು ಗೌರಕ್ಕ. ತುಪ್ಪ ತೇಲುವ ಹದ ಅವಳಿಗೆ ಬಿಟ್ಟರೆ ದೇವರಿಗೆ ಗೊತ್ತು. ಒಲೆ ನೋಡಿಕೊಳ್ಳುವವಳು ನಾಗವೇಣಿ. ವಜ್ರಳ್ಳಿ, ಉಮ್ಮಚಗಿ ಕಡೆಯಿಂದ ಬೀಜದ ಚೀಲ ತಂದು ಇಳಿಸುವವನು ಯಲ್ಲಾಪುರದ ರಫೀಕ್. ನಾನು ವಿಜಯಾ, ಮೇಲ್ವಿಚಾರಕಿ. ಅಂದರೆ ಮಾಬ್ಲಣ್ಣ ಕೂಗಿದ್ದನ್ನು ಸಣ್ಣ ದನಿಯಲ್ಲಿ ಉಳಿದವರಿಗೆ ಮುಟ್ಟಿಸುವುದು ಮತ್ತು ಅವರು ಬೈದದ್ದನ್ನು ಅವನಿಗೆ ಮುಟ್ಟಿಸದೆ ಇರುವುದು ನನ್ನ ಕೆಲಸ.

ನಮ್ಮ ತುಪ್ಪವನ್ನೆಲ್ಲ ಕೊಳ್ಳುವುದು ಯುಟ್ರೆಕ್ಟ್ ಎಂಬ ಊರಿನ ಒಂದು ಕಂಪನಿ. ಅದರ ಹೆಸರು ನಮ್ಮ ನಾಲಿಗೆಗೆ ಹೊರಳುವುದಿಲ್ಲ, ಹಾಗಾಗಿ ನಮಗೆ ಅದು ತುಟಿ ಕಂಪನಿ. ಕೆಲಸ ಮಾಡಲು ಬಹಳ ಒಳ್ಳೆಯ ಜಾಗ ಎಂಬ ಬಿರುದು ಅದಕ್ಕೆ ಸಿಕ್ಕಿತಂತೆ. ಬಿರುದು ಸಿಕ್ಕ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಮಾಲು ಕೊಡುವವರೂ ಖುಷಿಯಾಗಿರಬೇಕು ಎಂದು ಕಾಗದ ಬರೆದರು. ನಿಮ್ಮಿಂದ ಒಬ್ಬರು ಬಂದು ಒಂದು ವಾರ ನಮ್ಮಲ್ಲಿದ್ದು ಕಲಿಯಲಿ, ಅದೇ ವಾರ ನಿಮ್ಮ ಕೆಲಸಗಾರರ ಮೊಬೈಲಿಗೆ ಪ್ರಶ್ನೆ ಕಳಿಸಿ ಖುಷಿಗೆ ಅಂಕ ಕೇಳುತ್ತೇವೆ, ಅಂಕ ಹತ್ತಕ್ಕೆ ಐದು ದಾಟದಿದ್ದರೆ ಮುಂದಿನ ಹಂಗಾಮಿಗೆ ತುಪ್ಪ ಬೇಡ.

ಬೇರೆ ಗಿರಾಕಿ ನಮಗಿಲ್ಲ. ತುಪ್ಪ ಬೇಡವೆಂದರೆ ಶೆಡ್ಡಿಗೆ ಬೀಗ, ನಮ್ಮೆಲ್ಲರ ಮನೆಯ ಒಲೆಗೂ ಹೆಚ್ಚುಕಡಿಮೆ ಬೀಗ.

"ಎಂಗೆ ಇಂಗ್ಲಿಷ್ ಬತ್ತಿಲ್ಲೆ, ನೀನೇ ಹೋಗು," ಎಂದ ಮಾಬ್ಲಣ್ಣ. "ಎಂತ ಕೇಳಿದ್ರೂ ಎಂಗ ಖುಷಿಲಿದ್ಯ ಹೇಳು. ಏಯ್ ನಾಗವೇಣಿ! ಹಸಿ ಕಟ್ಟಿಗೆ ಎಂತಕ್ಕೆ ತುಂಬ್ತೇ ಅದಕ್ಕೆ? ಹೊಗೆ ನೋಡು!"

ಗೌರಕ್ಕ ಬೀಜ ಒಡೆಯುವ ಕಲ್ಲಿನಿಂದ ತಲೆ ಎತ್ತಲಿಲ್ಲ. "ಖುಷಿ ಕಲಿಯಲೆ ಅಷ್ಟು ದೂರ ಹೋಗವನೇ ಕೂಸೆ? ಇಲ್ಲೇ ಕೂತ್ಕಂಡು ಅಳಲೆ ಎಂತ ತೊಂದ್ರೆ ಆಗಿತ್ತು?"

ವಿಮಾನ ಇಳಿದಲ್ಲಿ

ಬರಿಗೈಯಲ್ಲಿ ಒಬ್ಬರ ಮನೆಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಏನು ಒಯ್ಯುವುದೆಂದು ಯೋಚಿಸಿ ಯೋಚಿಸಿ, ಕೊನೆಗೆ ಗೌರಕ್ಕ ಉಂಡೆ ಕಟ್ಟಿಕೊಟ್ಟ ಮುರುಗಲ ತುಪ್ಪವನ್ನೇ ಬಾಳೆಲೆಯಲ್ಲಿ ಸುತ್ತಿ ಒಯ್ದೆ. ನಮ್ಮಿಂದಲೇ ಪೀಪಾಯಿಗಟ್ಟಲೆ ಕೊಳ್ಳುವವರಿಗೆ ಅದೇ ತುಪ್ಪದ ಉಂಡೆ! ಬುದ್ಧಿ ಇದ್ದವರು ಮಾಡುವ ಕೆಲಸವೇ ಅಲ್ಲ. ಆದರೆ ಹೊರಡುವ ಗಡಿಬಿಡಿಯಲ್ಲಿ ಅದು ಯಾರಿಗೂ ಹೊಳೆಯಲಿಲ್ಲ.

ವಿಮಾನ ನಿಲ್ದಾಣದ ಅಧಿಕಾರಿಗೆ ಅನುಮಾನ ಬಂತು. ಬೆಳ್ಳಗಿನ ಉಂಡೆ, ಹಸಿರೆಲೆ, ವಾಸನೆಯಿಲ್ಲ. ಇದೇನು ಎಂದ. ತುಟಿಗೆ ಹಚ್ಚುವುದು ಎಂದೆ. ಹಚ್ಚಿ ತೋರಿಸಿ ಎಂದ. ಹಚ್ಚಿ ತೋರಿಸಿದೆ. ಇನ್ನೊಬ್ಬ ಅಧಿಕಾರಿಯನ್ನು ಕರೆದ, ಅವನಿಗೂ ಹಚ್ಚಿ ತೋರಿಸಿದೆ. ಆಮೇಲೆ ಬಂದ ಮೇಲಧಿಕಾರಿಯ ತುಟಿ ಎ.ಸಿ. ಗಾಳಿಗೆ ಒಡೆದಿತ್ತು. ಆಕೆ ತಾನೇ ಸ್ವಲ್ಪ ಕಿತ್ತು ಹಚ್ಚಿಕೊಂಡು, ತುಟಿ ಒತ್ತಿ ನೋಡಿ, ಹೋಗಿ ಎಂದಳು. ಅಷ್ಟರಲ್ಲಿ ನನ್ನ ತುಟಿ ದೋಸೆ ಕಾವಲಿಯಂತೆ ಹೊಳೆಯುತ್ತಿತ್ತು, ತುಟಿ ಕಂಪನಿಗೆ ನಾನು ಕಾಲಿಟ್ಟದ್ದು ಅದೇ ಅವತಾರದಲ್ಲಿ.

ಸೋಮವಾರ: ಹಳದಿ ಮುಖ

ಕಂಪನಿಯ ಬಾಗಿಲಲ್ಲಿ ಮೂರು ಗುಂಡಿಗಳಿದ್ದವು. ಒಂದು ಹಸಿರು ಮುಖ, ಬಾಯಿ ಕಿವಿತನಕ ನಗುತ್ತಿದೆ. ಒಂದು ಕೆಂಪು ಮುಖ, ಅಳುತ್ತಿದೆ. ನಡುವಿನದು ಹಳದಿ, ಬಾಯಿ ನೆಟ್ಟಗೆ ಗೆರೆ ಎಳೆದ ಹಾಗಿದೆ. ಒಳಗೆ ಹೋಗುವವರು ತಮ್ಮ ಮನಸ್ಸಿನ ಸ್ಥಿತಿಯನ್ನು ಒತ್ತಿ ಹೋಗಬೇಕು.

ನಾನು ಹಳದಿ ಒತ್ತಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಶಿರಸಿ, ಸಿದ್ದಾಪುರದ ಕಡೆ ಯಾರೂ ತಾವು ಚೆನ್ನಾಗಿದ್ದೇವೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಹೇಗಿದ್ದೀರಿ ಎಂದರೆ ಹಿಂಗೇ ಇದ್ದು ಅನ್ನುತ್ತೇವೆ. ಎಲೆಯ ತುದಿಯಿಂದ ತುದಿಗೆ ಬಡಿಸಿಟ್ಟು, ಎಂತ ಇಲ್ಲೆ, ಬರೀ ಅನ್ನ ತಂಬ್ಳಿ ಎಂದು ಕೈ ಹಿಸುಕಿಕೊಳ್ಳುತ್ತೇವೆ. ಮದುಮಗಳಿಗೂ, ಯಕ್ಷಗಾನದ ವೇಷಕ್ಕೂ, ಹೊಸ ಮನೆಗೂ ನಮ್ಮಲ್ಲಿ ಕೊಡುವ ಅತಿ ಹೆಚ್ಚಿನ ಹೊಗಳಿಕೆ ಎಂದರೆ ಅಡ್ಡಿಲ್ಲೆ. ಅದಕ್ಕಿಂತ ಮೇಲೆ ಹೋದರೆ ದೃಷ್ಟಿ ತಾಗುತ್ತದೆ. ಹಳದಿ ಮುಖ ನೋಡಿದ ಕೂಡಲೇ ನನಗೆ ನಮ್ಮೂರಿನವರನ್ನೇ ಕಂಡಂತಾಯಿತು. ಮಾಬ್ಲಣ್ಣ ಲಾಭ ಬಂದ ದಿನ ಹಾಗೇ ಇರುತ್ತಾನೆ.

ಎರಡು ಹೆಜ್ಜೆ ಇಟ್ಟಿರಲಿಕ್ಕಿಲ್ಲ, ಕಂಬಳಿ ಹಿಡಿದುಕೊಂಡು ಒಬ್ಬ ಹೆಂಗಸು ಓಡಿಬಂದಳು. ಹೆಸರು ಮರೈಕೆ, ಖುಷಿ ವಿಭಾಗದ ಮುಖ್ಯಸ್ಥೆ. ಹೌದು, ಅಂಥದ್ದೊಂದು ವಿಭಾಗವಿತ್ತು. ನನ್ನನ್ನು ಮೆತ್ತನೆಯ ಬೆಳಕಿನ ಒಂದು ಕೋಣೆಗೆ ಕರೆದೊಯ್ದು, ಕಂಬಳಿ ಹೊದೆಸಿ, ಶುಂಠಿ ಕಷಾಯ ಕೊಟ್ಟಳು.

"ಏನಾಯಿತು?" ಎಂದಳು ಪಿಸುದನಿಯಲ್ಲಿ.

"ಏನೂ ಆಗಿಲ್ಲ."

"ಈಗಲೇ ಹೇಳಬೇಕೆಂದಿಲ್ಲ. ನಾನು ಇಲ್ಲೇ ಕೂತಿರುತ್ತೇನೆ."

ಕೂತೇ ಇದ್ದಳು. ನನಗೂ ಎದ್ದು ಹೋಗಲು ಮರ್ಯಾದೆ ಅಡ್ಡ ಬಂತು. ಹೊರಗೆ ಬೇರೆ ಬೇರೆ ದೇಶದಿಂದ ಬಂದ ನನ್ನಂಥವರಿಗೆ ಕಾರ್ಖಾನೆ ತೋರಿಸುವ ಕಾರ್ಯಕ್ರಮ ಮುಗಿದೇಹೋಯಿತು. ನಮ್ಮ ತುಪ್ಪ ತುಟಿಯ ಕ್ರೀಮಾಗುವುದನ್ನು ನೋಡಲೆಂದು ಸಪ್ತಸಾಗರ ದಾಟಿ ಹೋದವಳು ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ನೋಡಿ ಬಂದೆ. ಮರುದಿನದಿಂದ ಹಸಿರು ಮುಖವನ್ನು ಅಂಗೈಯಿಂದ ಬಡಿದೇ ಒಳಗೆ ಹೋಗುತ್ತಿದ್ದೆ.

ಬಿಸ್ಕತ್ತಿನ ಡಬ್ಬಿ

ಕಂಪನಿಯ ಡೈರೆಕ್ಟರ್ ಹೆಂಕ್. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಬರುವುದು ಸೈಕಲ್ಲಿನಲ್ಲಿ, ಕೂರುವುದು ಎಲ್ಲರ ನಡುವೆ. ಸರ್ ಎಂದು ಕರೆದರೆ ಇರುವೆ ಕಚ್ಚಿದವನಂತೆ ಮಾಡುತ್ತಿದ್ದ. ಬರೀ ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಬರಲಿಲ್ಲ. ಹೆಂಕಣ್ಣ ಎಂದುಬಿಟ್ಟೆ. ಹಾಗಂದರೇನು ಎಂದು ಕೇಳಿ ತಿಳಿದುಕೊಂಡ. ಮರುದಿನ ಬೆಳಿಗ್ಗೆ ತಾನೇ ಬಂದು, "ಶುಭೋದಯ, ನಾನು ಹೆಂಕಣ್ಣ," ಎಂದ.

ಅಲ್ಲಿ ಎಲ್ಲವೂ ಖುಷಿಗಾಗಿಯೇ ಇತ್ತು. ಹಜಾರದ ನಡುವೆ ಒಂದು ಉಯ್ಯಾಲೆ. ನಮ್ಮನೆಯಲ್ಲೂ ಉಯ್ಯಾಲೆ ಇದೆ, ಅದರ ಮೇಲೆ ಒಗೆದ ಬಟ್ಟೆಯ ರಾಶಿ ಇಲ್ಲವೇ ಬೆಕ್ಕು ಇರುತ್ತದೆ. ಅಲ್ಲಿಯದರ ಮೇಲೆ ಯಾರೂ ಇರಲಿಲ್ಲ. ಮೊದಲೇ ಕಂಪ್ಯೂಟರಿನಲ್ಲಿ ಹೆಸರು ಬರೆಸಬೇಕಂತೆ, ಬರೆಸಿದರೆ ಇವನಿಗೆ ಕೆಲಸವಿಲ್ಲ ಎಂದು ಉಳಿದವರಿಗೆ ಗೊತ್ತಾಗುತ್ತದಂತೆ. ನಾನು ಹೋಗಿ ಕೂತು ಜೀಕಿದೆ. ಎಲ್ಲರೂ ಕೆಲಸ ಬಿಟ್ಟು ನೋಡಿದರು, ಅದಕ್ಕೂ ಕೀಲೆಣ್ಣೆ ಕಾಣದೆ ವರ್ಷಗಳಾಗಿದ್ದವು, ಕಿರ್ರೋ ಎಂದಿತು.

ಪ್ರತಿ ವರ್ಷ ಬಿರುದು ಬಂದಾಗ ಪ್ರತಿಯೊಬ್ಬರಿಗೂ ನಗುಮುಖ ಬರೆದ ಒಂದು ಹಳದಿ ರಬ್ಬರ್ ಚೆಂಡು ಕೊಡುತ್ತಾರೆ. ಸಿಟ್ಟು ಬಂದರೆ ಹಿಚುಕಲಿಕ್ಕೆ. ನಮ್ಮಲ್ಲಿ ಅದಕ್ಕೆ ಬೀಜ ಒಡೆಯುವ ಕೆಲಸವೇ ಇದೆ, ಬೇರೆ ಖರ್ಚಿಲ್ಲ.

ಇನ್ನು ಬಿಸ್ಕತ್ತು. ಕಾಫಿಯ ಹೊತ್ತಿಗೆ ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿಯುತ್ತಾರೆ. ಒಂದು ತೆಗೆದುಕೊಳ್ಳಬೇಕು. ತೆಗೆದುಕೊಂಡ ಕೂಡಲೇ ಟಪ್ಪೆಂದು ಮುಚ್ಚಳ ಬೀಳುತ್ತದೆ. ಮೊದಲ ದಿನ ನಾನು ನಮ್ಮ ಪದ್ಧತಿಯಂತೆ ಬೇಡ ಬೇಡ ಎಂದೆ, ಇನ್ನೊಮ್ಮೆ ಒತ್ತಾಯ ಮಾಡುತ್ತಾರೆಂದು ಕಾದೆ. ಡಬ್ಬಿ ಮುಂದಿನ ಮೇಜಿಗೆ ಹೋಗಿಯಾಗಿತ್ತು. ನೆಂಟರ ಎದುರು ಡಬ್ಬಿಗೆ ಮುಚ್ಚಳ ಹಾಕಿದರೆ ನಮ್ಮ ಕಡೆ ಎರಡು ಮನೆಗಳ ನಡುವೆ ಮೂರು ತಲೆಮಾರು ಹೋಗಿಬರುವುದು ಇರುವುದಿಲ್ಲ. ಅಲ್ಲಿ ಅದೇ ಅಚ್ಚುಕಟ್ಟು. ಸಂಜೆ ಐದಾದರೆ ದೀಪಗಳು ತಾವಾಗಿ ಆರುತ್ತಿದ್ದವು, ಜನರೂ ಅವರವರ ಸೈಕಲ್ಲು ಹತ್ತಿ ಮಾಯವಾಗುತ್ತಿದ್ದರು. ಪಕ್ಕದ ಮೇಜಿನವನಿಗೆ ಮಕ್ಕಳೆಷ್ಟು ಎಂದು ನಾನು ಹೆಂಕಣ್ಣನನ್ನು ಕೇಳಿದರೆ, "ಅದು ಅವನ ಸ್ವಂತ ವಿಷಯ" ಎಂದ. ನಮ್ಮ ಶೆಡ್ಡಿನಲ್ಲಿ ಸ್ವಂತ ವಿಷಯ ಅಂತ ಇರುವುದು ಮಾಬ್ಲಣ್ಣನ ರಕ್ತದೊತ್ತಡ ಒಂದೇ, ಅದೂ ರಫೀಕನಿಗೆ ಗೊತ್ತು.

ನಿಜ ಹೇಳಬೇಕೆಂದರೆ ನನಗೆ ಸಿಟ್ಟೂ ಬಂತು, ಹೊಟ್ಟೆಕಿಚ್ಚೂ ಆಯಿತು. ಹೊಗೆಯಿಲ್ಲ, ಕೂಗಾಟವಿಲ್ಲ, ಕುರ್ಚಿ ಬೆನ್ನಿಗೆ ತಕ್ಕಂತೆ ಬಾಗುತ್ತದೆ. ಅಲ್ಲಿಯವರು ತಮ್ಮ ಕಂಪನಿಗೆ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟಿದ್ದರು. ನಾನಾದರೂ ಕೊಡುತ್ತಿದ್ದೆ.

ಗುರುವಾರ: ನಡೆಯುತ್ತ ಮೀಟಿಂಗು

ಮರೈಕೆ ಮೀಟಿಂಗುಗಳನ್ನು ನಡೆಯುತ್ತ ಮಾಡುತ್ತಿದ್ದಳು. ಕಾಲುವೆಯ ದಂಡೆಯಲ್ಲಿ ಅವಳು ಮುಂದೆ, ನಾನು ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಹಿಂದೆ. ಖುಷಿಯ ನಾಲ್ಕು ಕಂಬಗಳ ವಿಷಯ ಹೇಳುತ್ತಿದ್ದವಳು ಎರಡನೆಯ ಕಂಬದ ಹೊತ್ತಿಗೆ ಸುಮ್ಮನಾದಳು. ನೋಡಿದರೆ ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ.

ಈ ಸಲ ಏನಾಯಿತು ಎಂದು ಕೇಳುವ ಸರದಿ ನನ್ನದು. ಅವಳು ಶನಿವಾರ ಮನೆ ಬದಲಿಸಬೇಕಿತ್ತು. ಈಗಿನದು ಮೂರನೆಯ ಮಹಡಿ. ಸಹಾಯಕ್ಕೆ ಬರುತ್ತೇನೆಂದಿದ್ದ ಅವಳ ತಮ್ಮ, ಸೈಕಲ್ಲಿನಿಂದ ಬಿದ್ದು ಕೈ ಮುರಿದುಕೊಂಡಿದ್ದ. ಭಾನುವಾರ ಬೀಗದ ಕೈ ಕೊಡಲೇಬೇಕು.

"ಆಫೀಸಿನಲ್ಲಿ ಇಷ್ಟು ಜನ ಇದ್ದಾರಲ್ಲ, ಹೇಳಬಾರದೇ?" ಎಂದೆ.

ನಾನು ಅಡುಗೆಮನೆಗೆ ಚಪ್ಪಲಿ ಹಾಕಿಕೊಂಡು ಬಂದೆನೇನೋ ಎಂಬಂತೆ ನೋಡಿದಳು. "ಅದು ಕೆಲಸ, ಇದು ನನ್ನ ಬದುಕು. ಖುಷಿ ವಿಭಾಗದ ಮುಖ್ಯಸ್ಥೆ ಕೇಳಿದರೆ ಯಾರಿಗೂ ಇಲ್ಲ ಎನ್ನಲು ಆಗುವುದಿಲ್ಲ. ಹಾಗೆ ಕೇಳುವುದು ತಪ್ಪು."

ಮಾತು ನ್ಯಾಯದ್ದೇ. ಆದರೆ ನನ್ನ ತಲೆ ಶುರುವಾಗಿಬಿಟ್ಟಿತ್ತು. ನಮ್ಮ ಕಡೆ ಮುಯ್ಯಾಳು ಎಂದಿದೆ. ಇವತ್ತು ನಾನು ನಿನ್ನ ಮನೆಯ ಕೆಲಸಕ್ಕೆ, ಇನ್ನೊಂದು ದಿನ ನೀನು ನಮ್ಮನೆಯ ಕೆಲಸಕ್ಕೆ. ಕೂಲಿ ಇಲ್ಲ, ಉಪಕಾರವೂ ಅಲ್ಲ. ಒಂದು ಮನೆಯಲ್ಲಿ ಕೆಲಸ ಬಿದ್ದಿದೆ ಎಂದು ಕಿವಿಗೆ ಬಿದ್ದರೆ ನಾಲ್ಕು ಜನರಿಗೆ ಮುಟ್ಟಿಸುವುದು ಕೇಳಿದವರ ಜವಾಬ್ದಾರಿ. ಮನೆಯವರು ಬಾಯಿಬಿಟ್ಟು ಕೇಳುವ ಪ್ರಸಂಗ ಬಂದರೆ ಅದು ನೆರೆಯವರಿಗೆ ಅವಮಾನ.

ಶುಕ್ರವಾರ

ಆ ದಿನ ಯಾರದೋ ಹುಟ್ಟುಹಬ್ಬ. ಹುಟ್ಟಿದವನೇ ಕೇಕು ತರಬೇಕು. ಎಲ್ಲರೂ ಕುರ್ಚಿಗಳನ್ನು ವೃತ್ತದಲ್ಲಿ ಹಾಕಿ ಕೂತು, ಹುಟ್ಟಿದವನಿಗೆ ಮಾತ್ರವಲ್ಲ, ಒಬ್ಬರಿಗೊಬ್ಬರು ಅಭಿನಂದನೆ ಹೇಳುತ್ತಾರೆ. ನನಗೂ ಕೈಕುಲುಕಿ ಅಭಿನಂದನೆ ಹೇಳಿದರು. ಅವನು ಹುಟ್ಟಿದ್ದರಲ್ಲಿ ನನ್ನದೇನೂ ಪಾತ್ರವಿಲ್ಲ ಎನ್ನೋಣವೆಂದರೆ ಅಷ್ಟು ಇಂಗ್ಲಿಷು ಆ ಕ್ಷಣಕ್ಕೆ ಒದಗಲಿಲ್ಲ.

ಇಷ್ಟು ಜನ ಒಟ್ಟಿಗೆ ಕೂತಿದ್ದಾರೆ, ಇದಕ್ಕಿಂತ ಒಳ್ಳೆಯ ಹೊತ್ತು ಯಾವುದು? ಎದ್ದು ನಿಂತೆ.

"ನಾಳೆ ಬೆಳಿಗ್ಗೆ ಮರೈಕೆಯ ಮನೆ ಸಾಗಿಸುವುದಿದೆ. ಅವಳ ತಮ್ಮನ ಕೈ ಮುರಿದಿದೆ. ಎಲ್ಲರೂ ಬನ್ನಿ. ಹಳೇ ಬಟ್ಟೆ ಹಾಕಿಕೊಂಡು ಬನ್ನಿ. ನಿಮ್ಮನೆಯಲ್ಲಿ ಕೆಲಸವಿದ್ದಾಗ ಅವಳು ಬರುತ್ತಾಳೆ."

ಕೇಕಿನ ಚಮಚ ತಟ್ಟೆಗೆ ತಾಗುವ ಸದ್ದೂ ನಿಂತುಹೋಯಿತು. ಮರೈಕೆಯ ಮುಖ ಬಾಗಿಲಿನ ಕೆಂಪು ಗುಂಡಿಯ ಬಣ್ಣಕ್ಕೆ ತಿರುಗಿತು. ಹೆಂಕಣ್ಣ ತನ್ನ ಬೂಟು ನೋಡಿಕೊಂಡ. ಹುಟ್ಟಿದವನು, "ಕುತೂಹಲಕಾರಿ," ಎಂದ. ಅಲ್ಲಿಯವರು ಹಾಗೆಂದರೆ ಕೆಲಸ ಕೆಟ್ಟಿದೆ ಎಂದರ್ಥ ಎಂಬುದು ಅಷ್ಟರೊಳಗೆ ನನಗೆ ತಿಳಿದಿತ್ತು.

ಅದೇ ಮಧ್ಯಾಹ್ನ ನಮ್ಮ ಶೆಡ್ಡಿನ ಅಂಕ ಬಂತು. ಹೆಂಕಣ್ಣ ಪರದೆಯ ಮೇಲೆ ತೋರಿಸಿದ. ಹತ್ತಕ್ಕೆ ಎರಡು. ನಮ್ಮವರು ಬರೆದದ್ದನ್ನು ಇಂಗ್ಲಿಷಿಗೆ ಮಾಡಿಸಿದ್ದರು. ಹೊಗೆ. ಯಜಮಾನ ಕೂಗುತ್ತಾನೆ. ಕೂರುವ ಮಣೆ ಕುಂಟುತ್ತದೆ. ಕೆಲಸದಲ್ಲಿ ಆಪ್ತ ಗೆಳತಿ ಇದ್ದಾಳೆಯೇ ಎಂಬ ಪ್ರಶ್ನೆಗೆ, ಇಲ್ಲ, ಇರುವವರೆಲ್ಲ ನೆಂಟರಾಗಿಬಿಟ್ಟಿದ್ದಾರೆ. ಯಜಮಾನನ ತಪ್ಪನ್ನು ಅವನೆದುರೇ ಹೇಳಬಲ್ಲಿರಾ ಎಂಬ ಒಂದಕ್ಕೆ ಮಾತ್ರ ಎಲ್ಲರೂ ಹತ್ತಕ್ಕೆ ಹತ್ತು ಕೊಟ್ಟಿದ್ದರು. ಎಲ್ಲಕ್ಕಿಂತ ಕಡಿಮೆ, ಅಂದರೆ ಒಂದು, ಕೊಟ್ಟವನು ಮಾಬ್ಲಣ್ಣ. ಅವನದೇ ಶೆಡ್ಡಿಗೆ!

"ಇಷ್ಟು ಕಡಿಮೆ ನಾವು ಎಲ್ಲೂ ನೋಡಿಲ್ಲ," ಎಂದ ಹೆಂಕಣ್ಣ, ನಿಜಕ್ಕೂ ಬೇಸರದಿಂದ. "ಸೋಮವಾರ ಆಡಳಿತ ಮಂಡಳಿ ಕೂರುತ್ತದೆ. ಏನಾದರೂ ವಿವರಣೆ ಇದ್ದರೆ ಅಲ್ಲಿ ಹೇಳಿ."

ಹೊರಗೆ ಬಂದು ಗೌರಕ್ಕನಿಗೆ ಫೋನು ಹಚ್ಚಿದೆ. ಅಳು ಒತ್ತಿಕೊಂಡು ಬರುತ್ತಿತ್ತು.

"ಎರಡು ಎಂತಕ್ಕೆ ಕೊಟ್ಯೇ ಗೌರಕ್ಕಾ?"

"ಮೂರು ಕೊಡಕ್ಕು ಹೇಳಿ ಇತ್ತೇ. ಮಾಬ್ಲ ಒಂದು ಕೊಟ್ಟಿದ್ದ. ಯಜಮಾನಂಗಿಂತ ರಾಶಿ ಮೇಲೆ ಹೋದ್ರೆ ಚೆಂದ ಆಗ್ತಿಲ್ಲೆ ಹೇಳಿ ಎರಡೇ ಕೊಟ್ಟೆ."

"ಹತ್ತು ಕೊಡಲೆ ಎಂತ ಆಗಿತ್ತು?"

"ಹತ್ತಾ!" ಎಂದು ಬೆಚ್ಚಿದಳು. "ದೃಷ್ಟಿ ಆಗ್ತಿಲ್ಯನೇ? ಮನೆ ಅಡುಗೆನ ಬಡಿಸೋರೇ ಹೊಗಳಿಕೊಂಬುದು ಎಲ್ಲಾದ್ರೂ ಇದ್ದನೇ? ನೀ ಫೋನು ಇಡು, ಇಲ್ಲಿ ಎಂಗಕ್ಕೆಲ್ಲ ಮೈಕೈ ನೋಯ್ತು."

ಶನಿವಾರ: ಕಪಾಟು

ಬೆಳಿಗ್ಗೆ ಮರೈಕೆಯ ಮನೆಗೆ ಒಬ್ಬಳೇ ಹೋದೆ. ಕ್ಷಮೆ ಕೇಳಬೇಕಿತ್ತು, ಅದಕ್ಕೂ ಹೆಚ್ಚಾಗಿ ಕೆಲಸವಿದೆ ಎಂದು ಗೊತ್ತಿದ್ದೂ ಹೋಟೆಲಿನಲ್ಲಿ ಕೂರಲು ಆಗಲಿಲ್ಲ. ಅವಳು ಬಾಗಿಲು ತೆಗೆದು, "ನೀನು ನಿನ್ನೆ ನನ್ನ ಮರ್ಯಾದೆ ಕಳೆದೆ. ಈ ಪೆಟ್ಟಿಗೆಯ ಆ ಕಡೆ ಹಿಡಿ," ಎಂದಳು. ಅಲ್ಲಿಯವರ ಈ ನೇರ ಮಾತು ನನಗೆ ಹಿಡಿಸಿತು. ಬೈಗುಳವೂ ಕೆಲಸವೂ ಒಂದೇ ಉಸಿರಿನಲ್ಲಿ ಹೇಳಿದ್ದು ಕೇಳಿ ಮಾಬ್ಲಣ್ಣನ ನೆನಪೂ ಆಯಿತು.

ಸ್ವಲ್ಪ ಹೊತ್ತಿಗೆ ಬಾಗಿಲ ಗಂಟೆ ಸದ್ದಾಯಿತು. ಹುಟ್ಟುಹಬ್ಬದವನು. ಈ ದಾರಿಯಲ್ಲಿ ಹೋಗುತ್ತಿದ್ದೆ ಎಂದ. ಕೆಲಸದ ಕೈಗವಸು ಹಾಕಿಕೊಂಡೇ ಬಂದಿದ್ದ. ಆಮೇಲೆ ಇಬ್ಬರು, ಒಬ್ಬರನ್ನು ನೋಡಿ ಒಬ್ಬರು ಆಶ್ಚರ್ಯ ನಟಿಸಿದರು. ಕೊನೆಗೆ ಹೆಂಕಣ್ಣ ಬಾಗಿಲಿಗೆ ತಲೆ ಬಡಿಸಿಕೊಂಡು, "ನಾನು ಡೈರೆಕ್ಟರಾಗಿ ಬಂದಿಲ್ಲ," ಎಂದು ಘೋಷಿಸಿದ. ಎಲ್ಲರೂ ತಂತಮ್ಮ ಬ್ರೆಡ್ಡಿನ ಡಬ್ಬಿ ತಂದಿದ್ದರು. ಕೆಲಸದ ಮನೆಯವರು ಊಟ ಹಾಕುತ್ತಾರೆಂಬ ನಂಬಿಕೆ ಅಲ್ಲಿ ಯಾರಿಗೂ ಇಲ್ಲ.

ಮೆಟ್ಟಿಲು ನಮ್ಮ ಅಟ್ಟದ ಏಣಿಗಿಂತ ಇಕ್ಕಟ್ಟು, ಕಪಾಟು ಅದರಲ್ಲಿ ಇಳಿಯುವಂತಿರಲಿಲ್ಲ. ಆ ಊರಿನ ಹಳೇ ಮನೆಗಳ ನೆತ್ತಿಯಲ್ಲೊಂದು ಕೊಕ್ಕೆ ಇರುತ್ತದೆ. ಅದಕ್ಕೆ ರಾಟೆ ಕಟ್ಟಿ ಕಿಟಕಿಯಿಂದ ಸಾಮಾನು ಇಳಿಸುತ್ತಾರೆ. ಕೆಳಗೆ ಕಿರಿದಾದ ಬೀದಿ, ಬೀದಿಯ ಆಚೆ ಕಾಲುವೆ. ಹಗ್ಗ ಹಿಡಿಯಲು ಐದಾರು ಜನ ನಿಂತರು. ಆದರೆ ಒಬ್ಬನಿಗೂ ಇನ್ನೊಬ್ಬನ ಜೊತೆ ಕೈಜೋಡಿಸಿ ಗೊತ್ತಿಲ್ಲ. ಒಬ್ಬ ಎಳೆದರೆ ಇನ್ನೊಬ್ಬ ಬಿಡುತ್ತಾನೆ. ಕಪಾಟು ಕಿಟಕಿಯಿಂದ ಹೊರಬಿದ್ದು ಗಾಳಿಯಲ್ಲಿ ಗಿರಗಿರ ತಿರುಗಿತು. ನನಗೆ ತಡೆಯಲಾಗಲಿಲ್ಲ.

"ಐಸಾ!" ಎಂದು ಕೂಗಿದೆ. "ನಾನು ಐಸಾ ಎಂದರೆ ನೀವು ಹೈಸಾ ಎನ್ನಬೇಕು. ಅಂದಾಗ ಮಾತ್ರ ಹಗ್ಗ ಬಿಡಬೇಕು."

"ಹೈಸಾ!" ಎಂದರು. ಹೆಂಕಣ್ಣನ ದನಿ ಎಲ್ಲರಿಗಿಂತ ಜೋರು.

ಅವನ ಉತ್ಸಾಹವೇ ಹಾಳು ಮಾಡಿತು. ಒಂದು ಹೈಸಾಕ್ಕೆ ಹಗ್ಗ ಜಾಸ್ತಿ ಬಿಟ್ಟ. ಕಪಾಟು ಧಡಕ್ಕನೆ ಇಳಿದು, ತೂಗಿ, ಎರಡನೆಯ ಮಹಡಿಯ ತೆರೆದ ಕಿಟಕಿಗೆ ಅರ್ಧ ತೂರಿತು. ಒಳಗೆ ಚಹಾ ಕುಡಿಯುತ್ತಿದ್ದ ಮುದುಕರೊಬ್ಬರು ಎದ್ದು ಬಂದು, ಇದು ತಮ್ಮದಲ್ಲ ಎಂದು ಸಮಾಧಾನವಾಗಿ ತಿಳಿಸಿ, ಹೊರಗೆ ತಳ್ಳಿದರು. ತಳ್ಳಿದ ರಭಸಕ್ಕೆ ಕಪಾಟು ಬೀದಿ ದಾಟಿ ಕಾಲುವೆಯ ಮೇಲೆ ತೂಗಿತು, ಬಾಗಿಲು ತೆರೆದುಕೊಂಡಿತು. ಒಳಗಿಂದ ಹಳದಿ ಚೆಂಡುಗಳು ಉದುರಿದವು. ಆಫೀಸಿನಲ್ಲಿ ಹಂಚಿ ಉಳಿದ ಚೆಂಡುಗಳನ್ನೆಲ್ಲ ಮರೈಕೆ ಆ ಕಪಾಟಿನಲ್ಲೇ ತುಂಬಿಟ್ಟಿದ್ದಳು. ಎಷ್ಟೋ ವರ್ಷಗಳ ಖುಷಿ ನೀರಿಗೆ ಬಿದ್ದು, ನಗುಮುಖ ಮೇಲೆ ಮಾಡಿಕೊಂಡು ಸಾಲಾಗಿ ತೇಲುತ್ತ ಹೊರಟಿತು. ಬಾತುಕೋಳಿಗಳು ಬೆದರಿ ದಂಡೆ ಹತ್ತಿದವು. ದೋಣಿಯಲ್ಲಿ ಬರುತ್ತಿದ್ದವನೊಬ್ಬ ಒಂದನ್ನು ಎತ್ತಿಕೊಂಡು ಹಿಚುಕಿ ನೋಡಿ ಮತ್ತೆ ನೀರಿಗೇ ಹಾಕಿದ.

ಮೊದಲು ನಕ್ಕದ್ದು ಮರೈಕೆ. ಕಿಟಕಿಯ ಕಟ್ಟೆ ಹಿಡಿದುಕೊಂಡು ನಗುತ್ತಲೇ ಇದ್ದಳು. ಆಮೇಲೆ ಹಗ್ಗ ಹಿಡಿದವರು. ಹೆಂಕಣ್ಣ ನಕ್ಕು ನಕ್ಕು ಕೂತೇಬಿಟ್ಟ, ಹಗ್ಗ ಮಾತ್ರ ಬಿಡಲಿಲ್ಲ. ಆ ವಾರ ಅವರೆಲ್ಲ ನಗುವುದನ್ನು ನಾನು 'ನೋಡಿದ್ದೆ'. ನಗು ಕಿವಿಗೆ ಬಿದ್ದದ್ದು ಅದೇ ಮೊದಲು. ನನ್ನ ತಲೆಯ ಮೇಲೆ ಎರಡು ಅಂಕದ ಭಾರ ಇರದಿದ್ದರೆ ನಾನೂ ಇನ್ನಷ್ಟು ನಗುತ್ತಿದ್ದೆ.

ಮತ್ತೆ ಸೋಮವಾರ

ಆಡಳಿತ ಮಂಡಳಿಯ ಎದುರು ನನ್ನ ವಿವರಣೆ ಸೋತುಹೋಯಿತು. ದೃಷ್ಟಿ, ತಂಬ್ಳಿ, ಅಡ್ಡಿಲ್ಲೆ, ಎಲ್ಲ ಹೇಳಿದೆ. ಹಾಗಾದರೆ ನಿಮ್ಮವರು ನಿಜಕ್ಕೂ ಬೇಸರದಲ್ಲಿದ್ದರೆ ಎಷ್ಟು ಕೊಡುತ್ತಾರೆ ಎಂದು ಒಬ್ಬರು ಕೇಳಿದರು. ನಾನು ಪ್ರಾಮಾಣಿಕವಾಗಿ ಯೋಚಿಸಿ, "ಆಗ ಏನೂ ಹೇಳದೆ ಬರುವುದನ್ನು ಬಿಡುತ್ತಾರೆ," ಎಂದೆ.

ಮೂಲೆಯಲ್ಲಿದ್ದ ಮರೈಕೆ ಎದ್ದಳು. ಬೆನ್ನು ಹಿಡಿದಿದ್ದರಿಂದ ಸ್ವಲ್ಪ ವಾರೆಯಾಗಿ ನಿಂತಳು. "ಅವರಿಗೆ ಇನ್ನೊಂದು ಪ್ರಶ್ನೆ ಕೇಳೋಣ. ಕೆಲಸದ ಜೊತೆಯವರ ಮನೆಗೆ ನೀವು ಕೊನೆಯ ಸಲ ಕೈಜೋಡಿಸಲು ಹೋದದ್ದು ಯಾವಾಗ?"

ವಿಡಿಯೋ ಕರೆ ಹಚ್ಚಿದೆವು. ಪರದೆಯ ತುಂಬ ಮೊದಲು ಹೊಗೆ, ಆಮೇಲೆ ಗೌರಕ್ಕನ ಮೂಗು. ಪ್ರಶ್ನೆ ಕೇಳಿದೆ.

"ಶುಕ್ರವಾರವಲ್ದನೇ," ಎಂದಳು. "ಮಳೆ ಬಪ್ಪುದ್ರೊಳಗೆ ನಾಗವೇಣಿ ಮನೆ ಹಂಚು ಹೊದೆಸಿ ಮುಗಿಸವಲ. ಎಲ್ಲರೂ ಹೋಗಿತ್ತು."

ನಾಗವೇಣಿ ಹಿಂದಿನಿಂದ ತಲೆ ತೂರಿದಳು. "ಮಾಬ್ಲಣ್ಣ ಮಾಡು ಹತ್ತಿ ನಾಕು ಹಂಚು ಒಡೆದ್ರು ಮಾರಾಯ್ತಿ! ಇಳೀರಿ ಅಂದ್ರೆ ಇಳೂದೇ ಇಲ್ಲ. ರಫೀಕಣ್ಣ ಕೈ ಹಿಡಿದು ಇಳಿಸಿದ್ದು."

ನಾನು ಇಂಗ್ಲಿಷಿಗೆ ತಂದೆ. ಹೆಂಕಣ್ಣ ಮುಂದೆ ಬಾಗಿದ. "ಶುಕ್ರವಾರ ಕೆಲಸದ ದಿನ. ಅಂಕ ಕೇಳಿದ್ದೂ ಶುಕ್ರವಾರ. ಶೆಡ್ಡು ನಿಲ್ಲಿಸಲು ಯಾರ ಅನುಮತಿ ತೆಗೆದುಕೊಂಡರು?"

"ಅನುಮತಿ ಯಾರನ್ನ ಕೇಳವು?" ಎಂದಳು ಗೌರಕ್ಕ. "ಯಜಮಾನನೇ ಮಾಡಿನ ಮೇಲಿದ್ದ. ಅಂಕನೂ ಅಲ್ಲೇ ಕೂತು ಒತ್ತಿದ್ದು."

"ಹಾಗಾದರೆ ಎರಡೇ ಏಕೆ?"

ಗೌರಕ್ಕ ನಾಗವೇಣಿಯ ಕಡೆ ಕಣ್ಣು ಹಾಯಿಸಿದಳು. "ನಾಗವೇಣಿ ಕೊಟ್ಟ ಚಾ ತಣ್ಣಗಾಗಿತ್ತು."

ಮಂಡಳಿಯವರು ಒಬ್ಬರ ಮುಖ ಒಬ್ಬರು ನೋಡಿದರು. ತೀರ್ಮಾನ ಹೇಳಲಿಲ್ಲ. "ಕುತೂಹಲಕಾರಿ," ಎಂದರು. ನಾನು ಅದೇ ಮಾತನ್ನು ಹೊತ್ತುಕೊಂಡು ವಿಮಾನ ಹತ್ತಿದೆ.

ನಿಲ್ಕುಂದ ರಸ್ತೆ, ಮತ್ತೆ

ಮಳೆಗಾಲ ಮುಗಿದರೂ ತುಟಿ ಕಂಪನಿಯಿಂದ ಸುದ್ದಿ ಬರಲಿಲ್ಲ. ಮಾಬ್ಲಣ್ಣ ಕೂಗುವುದನ್ನು ಕಡಿಮೆ ಮಾಡಿದ. ಅದನ್ನು ನೋಡಿ ಎಲ್ಲರಿಗೂ ಹೆದರಿಕೆಯಾಯಿತು. ನಾಗವೇಣಿ ಬೇರೆ ಕೆಲಸ ಹುಡುಕಲೋ ಎಂದು ನನ್ನ ಹತ್ತಿರ ಗುಟ್ಟಾಗಿ ಕೇಳಿದಳು.

ಚಳಿ ಬಿದ್ದ ಮೇಲೆ ಒಂದು ಬೆಳಿಗ್ಗೆ ರಫೀಕನ ಗಾಡಿ ಬಂತು. ಬೀಜದ ಚೀಲಗಳ ಪಕ್ಕದಿಂದ ಮರೈಕೆ ಇಳಿದಳು. ರಜೆ ಹಾಕಿ ಬಂದಿದ್ದಳಂತೆ. ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಫೋನು ತೆರೆದು ಶೆಡ್ಡಿನ ಫೋಟೋ ತೋರಿಸುತ್ತ ನಿಂತಿದ್ದವಳನ್ನು ರಫೀಕ್ ಕಂಡು ಹತ್ತಿಸಿಕೊಂಡಿದ್ದ.

"ಒಂದು ದಿನದ ಕೆಲಸ ಬಾಕಿ ಇದೆ," ಎಂದಳು. "ಕಂಪನಿಯಿಂದ ಬಂದದ್ದಲ್ಲ. ನಿನ್ನ ಮುಯ್ಯಾಳು."

ಗೌರಕ್ಕ ಕುಂಟುವ ಮಣೆಯನ್ನು ಅವಳ ಕಡೆ ತಳ್ಳಿ, ಕೈಗೆ ಕಲ್ಲು ಕೊಟ್ಟಳು. ಮರೈಕೆ ಇಡೀ ದಿನ ಬೀಜ ಒಡೆದಳು. ಎರಡು ಸಲ ಬೆರಳು ಜಜ್ಜಿಕೊಂಡಳು. ಹೊಗೆಗೆ ಕಣ್ಣು ಕೆಂಪಾಯಿತು. ಮಧ್ಯಾಹ್ನ ಊಟಕ್ಕೆ ಬೇಡ ಬೇಡ ಎಂದಾಗ ನಾಗವೇಣಿ ಕೇಳದೆ ಬಡಿಸಿದಳು. ಸಂಜೆಯ ಹೊತ್ತಿಗೆ ಮಾಬ್ಲಣ್ಣನ ದನಿ ವಾಪಸು ಬಂತು. "ಏಯ್, ಸಿಪ್ಪೆ ಸಮೇತ ಹಾಕಡ! ಎಲ್ಲಿ ನೋಡ್ತೇ?" ಎಂದು ಅವಳಿಗೂ ಕೂಗಿದ. ಅವಳು ಡಚ್ಚಿನಲ್ಲಿ ಏನೋ ತಿರುಗಿ ಕೂಗಿದಳು. ಅವನಿಗೆ ಅದು ಸರಿಯಾಗಿಯೇ ಅರ್ಥವಾಯಿತು.

ಆರ್ಡರಿನ ಮಾತು ಎತ್ತಲು ಯಾರಿಗೂ ಧೈರ್ಯವಿಲ್ಲ. ಕೆಲಸ ಬಿಟ್ಟು ಎಲೆಯಡಿಕೆಯ ಕವಳಕ್ಕೆ ಕೂತಾಗ ಅವಳೇ ಫೋನು ತೆಗೆದಳು. "ನಾನೂ ಇಲ್ಲಿ ಒಂದು ದಿನ ಕೆಲಸ ಮಾಡಿದವಳು. ಅಂಕ ಕೊಡಬಹುದಲ್ಲ. ಮಂಡಳಿಯವರು ನೋಡುತ್ತಾರೆ. ಎಷ್ಟು ಕೊಡಲಿ?"

ನಾನು ಬಾಯಿ ತೆರೆಯುವುದರೊಳಗೆ ಗೌರಕ್ಕ ಎರಡು ಬೆರಳು ಎತ್ತಿ ತೋರಿಸಿದಳು. "ಎರಡು. ಹೆಚ್ಚಿಗೆ ಕೊಡಡ ಹೇಳು ಅದಕ್ಕೆ."

ನಾನು ತಡೆಯಲು ಹೋದೆ. ಮರೈಕೆ ಎರಡನ್ನು ಒತ್ತಿಯಾಗಿತ್ತು. ಆಮೇಲೆ ಚೀಲದಿಂದ ಹಳದಿ ಚೆಂಡೊಂದನ್ನು ತೆಗೆದು ಗೌರಕ್ಕನ ಕೈಗಿಟ್ಟಳು. ಕಾಲುವೆಯಿಂದ ಸಿಕ್ಕಿದ್ದು ಅದೊಂದೇ ಅಂತೆ.

ವಾರ ಕಳೆದು ಕಾಗದ ಬಂತು. ತುಪ್ಪ ಬೇಕು, ಮೊದಲಿಗಿಂತ ಹೆಚ್ಚು ಬೇಕು. ಕೆಳಗೆ ಹೆಂಕಣ್ಣ ತನ್ನ ಕೈಯಾರೆ ಬರೆದಿದ್ದ: ನಿಮ್ಮಲ್ಲಿ ಪೂರ್ಣ ಅಂಕ ಎಂದರೆ ಎರಡು ಎಂದು ಮರೈಕೆ ಮಂಡಳಿಗೆ ವಿವರಿಸಿದ್ದಾಳೆ, ಹಾಗೆಯೇ ದಾಖಲಿಸಿಕೊಂಡಿದ್ದೇವೆ. ಮುಂದಿನ ವಾರ ನಾನು ಮನೆ ಬದಲಿಸುತ್ತಿದ್ದೇನೆ, ಆಫೀಸಿನವರೆಲ್ಲ ಬರುತ್ತೇವೆ ಎಂದಿದ್ದಾರೆ.

ಓದಿ ಮುಗಿಸಿ ತಲೆ ಎತ್ತಿದೆ. ಎಲ್ಲರೂ ಮಾಬ್ಲಣ್ಣನನ್ನೇ ನೋಡುತ್ತಿದ್ದರು. ಅವನು ಕವಳ ಉಗಿದು, ಪಂಚೆಯಿಂದ ಕಣ್ಣು ಒರೆಸಿಕೊಂಡು, ಹೊಗೆ ಎಂದು ಗೊಣಗಿದ. ಆ ದಿನ ಒಲೆ ಹಚ್ಚಿರಲಿಲ್ಲ.

"ಅಡ್ಡಿಲ್ಲೆ," ಎಂದ.

ಗೌರಕ್ಕ ಇದ್ದಿಲು ತೆಗೆದುಕೊಂಡು ಆ ಹಳದಿ ಚೆಂಡಿಗೆ ಮೀಸೆ ಬರೆದಳು, ನಗುವ ಬಾಯಿಗೆ ಎರಡು ಕೋರೆಹಲ್ಲು ಇಟ್ಟಳು, ಕೆನ್ನೆಗೆ ದಪ್ಪ ಬೊಟ್ಟು ಹಚ್ಚಿದಳು. ಶೆಡ್ಡಿನ ಬಾಗಿಲಿಗೆ ಒಣಮೆಣಸು, ಲಿಂಬೆಹಣ್ಣಿನ ಜೊತೆ ದೃಷ್ಟಿಗೆಂದು ಕಟ್ಟಿದಳು. ಆಮೇಲೆ ಕುಂಟುವ ಮಣೆಯ ಮೇಲೆ ಕೂತು, ಇನ್ನು ಕೆಲಸ ಜಾಸ್ತಿ ಆತು ಎಂದು ನಮ್ಮೆಲ್ಲರನ್ನೂ ಬೈಯಲು ಶುರು ಮಾಡಿದಳು.